ಲೆಕ್ಕದ ಪುಸ್ತಕದಲ್ಲಿ ಕಾಣದ ಸಾಲ

(ಕಾಲೇಜೊಂದರ ಇತಿಹಾಸ ಸಂಘದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



1973ರ ಡಿಸೆಂಬರ್ 15ರಂದು ನ್ಯೂಯಾರ್ಕ್ ನಗರದ ಪಶ್ಚಿಮ ಅಂಚಿನಲ್ಲಿ, ಹಡ್ಸನ್ ನದಿಯ ಮಗ್ಗುಲಲ್ಲಿ ಕಂಬಗಳ ಮೇಲೆ ಹಾದುಹೋಗುತ್ತಿದ್ದ ಹೆದ್ದಾರಿಯ ಒಂದು ಭಾಗ ಕುಸಿಯಿತು. ಡಾಂಬರು ತುಂಬಿದ ಲಾರಿಯೊಂದು ರಸ್ತೆಯ ಸಮೇತ ಕೆಳಗಿನ ಬೀದಿಗೆ ಬಿತ್ತು. ಜೊತೆಗೆ ಒಂದು ಕಾರೂ ಬಿತ್ತು. ಪುಣ್ಯಕ್ಕೆ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಆ ಲಾರಿ ಡಾಂಬರನ್ನು ಒಯ್ಯುತ್ತಿದ್ದುದು ಎಲ್ಲಿಗೆ ಗೊತ್ತೇ? ಅದೇ ಹೆದ್ದಾರಿಯ ದುರಸ್ತಿಗೆ.

ಇದಾಗಿ ಎರಡು ವರ್ಷ ತುಂಬುವುದರೊಳಗೆ ಅದೇ ನಗರ ದಿವಾಳಿಯ ಹೊಸ್ತಿಲಲ್ಲಿ ನಿಂತಿತ್ತು. 1975ರ ನ್ಯೂಯಾರ್ಕ್ ಹಣಕಾಸು ಬಿಕ್ಕಟ್ಟಿನ ಬಗ್ಗೆ ಬೇಕಾದಷ್ಟು ಪುಸ್ತಕಗಳು ಬಂದಿವೆ. ಅವುಗಳಲ್ಲಿ ಬ್ಯಾಂಕುಗಳು, ಬಾಂಡುಗಳು, ಮೇಯರು, ಅಧ್ಯಕ್ಷರು ಇವರದೇ ಕಥೆ. ಕುಸಿದ ಹೆದ್ದಾರಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಆದರೆ ಹಣದ ಸಾಲವನ್ನೂ ಕುಸಿದ ರಸ್ತೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಒಂದು ನಗರ ಕಷ್ಟಕಾಲದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಅರ್ಥವಾದೀತು ಎಂದು ನನಗೆ ಅನ್ನಿಸುತ್ತದೆ. ಹಣದ ಸಾಲ ಪುಸ್ತಕದಲ್ಲಿ ದಾಖಲಾಗುತ್ತದೆ, ಅದಕ್ಕೆ ತೀರಿಸಬೇಕಾದ ದಿನಾಂಕವಿರುತ್ತದೆ, ಕೇಳಲು ಬರುವ ಸಾಲಗಾರನಿರುತ್ತಾನೆ. ಬಣ್ಣ ಕಾಣದ ಸೇತುವೆ, ಬದಲಾಯಿಸದ ಕೊಳವೆ, ಮುಂದೂಡಿದ ದುರಸ್ತಿ ಇವೂ ಸಾಲಗಳೇ. ಆದರೆ ಅವು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ.

ಮೊದಲು ಹಣದ ಸಾಲವನ್ನೇ ನೋಡೋಣ. ನಗರವೊಂದು ಸಾಲ ಮಾಡುವುದೇ ತಪ್ಪು ಎಂದು ಹೇಳುವಂತಿಲ್ಲ. ಸೇತುವೆಯೊಂದು ಎಂಬತ್ತು, ನೂರು ವರ್ಷ ಬಾಳುತ್ತದೆ. ಅದರ ಪೂರ್ತಿ ಖರ್ಚನ್ನು ಈ ವರ್ಷದ ತೆರಿಗೆದಾರನೇ ಏಕೆ ಹೊರಬೇಕು? ಮೂವತ್ತು ವರ್ಷದ ಬಾಂಡು ಬಿಡುಗಡೆ ಮಾಡಿ ಹಣ ಎತ್ತಿದರೆ, ಸೇತುವೆಯ ಮೇಲೆ ಓಡಾಡುವ ಮುಂದಿನ ತಲೆಮಾರೂ ತನ್ನ ಪಾಲು ಕೊಟ್ಟಂತಾಗುತ್ತದೆ. ಇದು ಮನೆ ಕಟ್ಟಲು ಮಾಡುವ ಸಾಲದ ಹಾಗೆ. ಇನ್ನೊಂದು ಬಗೆಯ ಸಾಲ ಅಲ್ಪಾವಧಿಯದು. ತೆರಿಗೆ ಕಂತಿನಲ್ಲಿ ಬರುತ್ತದೆ, ಸಂಬಳವನ್ನು ಮಾತ್ರ ತಪ್ಪದೆ ಕೊಡಬೇಕು. ಆದ್ದರಿಂದ ಬರಲಿರುವ ತೆರಿಗೆಯನ್ನು ತೋರಿಸಿ ಕೆಲವು ತಿಂಗಳ ಮಟ್ಟಿಗೆ ಸಾಲ ಪಡೆಯುವುದು. ಬೆಳೆ ಬಂದ ಮೇಲೆ ತೀರಿಸುತ್ತೇನೆಂದು ರೈತ ಮಂಡಿಯಲ್ಲಿ ಮುಂಗಡ ಪಡೆಯುತ್ತಾನಲ್ಲ, ಅದೇ ರೀತಿ. ಇದರಲ್ಲೂ ತಪ್ಪೇನಿಲ್ಲ, ಬೆಳೆ ಬರುವುದಾದರೆ.

ನ್ಯೂಯಾರ್ಕ್ ಮಾಡಿದ್ದು ಬಿತ್ತದ ಬೆಳೆಯ ಮೇಲೆ ಮುಂಗಡ ಪಡೆಯುವ ಕೆಲಸ. ರಾಜ್ಯದಿಂದ, ಕೇಂದ್ರದಿಂದ ಇಷ್ಟು ಅನುದಾನ ಬರುತ್ತದೆ ಎಂದು ಆಯವ್ಯಯದಲ್ಲಿ ಬರೆದು ಅದರ ಮೇಲೆ ಸಾಲ ಎತ್ತುವುದು. ಅಷ್ಟು ಬಾರದಿದ್ದರೆ ಮತ್ತೊಂದು ಸಾಲ ತಂದು ಮೊದಲಿನದನ್ನು ತೀರಿಸುವುದು. ಈ ವರ್ಷದ ಖರ್ಚನ್ನು ಮುಂದಿನ ವರ್ಷದ ಲೆಕ್ಕಕ್ಕೆ ತಳ್ಳುವುದು. ಎಲ್ಲಕ್ಕಿಂತ ಕೆಟ್ಟದ್ದು ಬಂಡವಾಳ ಲೆಕ್ಕದ ದುರ್ಬಳಕೆ. ರಸ್ತೆ, ಶಾಲೆ, ಸುರಂಗಗಳಿಗೆಂದು ದೀರ್ಘಾವಧಿ ಸಾಲ ಎತ್ತಿ, ಆ ಹಣದ ದೊಡ್ಡ ಪಾಲನ್ನು ಸಂಬಳ ಮತ್ತು ದಿನನಿತ್ಯದ ಖರ್ಚಿಗೆ ಬಳಸಲಾಯಿತು. 1960ರ ದಶಕದ ಮಧ್ಯದಿಂದ ರಾಜ್ಯದ ಕಾನೂನೇ ಇದಕ್ಕೆ ದಾರಿ ಬಿಟ್ಟಿತ್ತು. ಮನೆ ಕಟ್ಟಲು ತಂದ ಸಾಲದಲ್ಲಿ ಅಕ್ಕಿ ಬೇಳೆ ಕೊಂಡಂತೆ! ಅಕ್ಕಿ ಬೇಳೆ ಆ ತಿಂಗಳಿಗೇ ಮುಗಿಯಿತು. ಕಂತು ಮೂವತ್ತು ವರ್ಷ ಉಳಿಯಿತು. ಮನೆಯಂತೂ ಏಳಲಿಲ್ಲ.

ಹಾಗಾದರೆ ದುಂದುವೆಚ್ಚವೇ ಎಲ್ಲಕ್ಕೂ ಕಾರಣವೇ? ಅಲ್ಲಿ ಇಂದಿಗೂ ಇದು ವಾದದ ವಿಷಯ. ನಗರ ತನ್ನ ನಾಗರಿಕರಿಗೆ ಅಮೆರಿಕದ ಬೇರೆ ನಗರಗಳು ಕೊಡದಷ್ಟು ಕೊಡುತ್ತಿತ್ತು ಎಂಬುದು ನಿಜ. ನಗರದ್ದೇ ಆಸ್ಪತ್ರೆಗಳ ಜಾಲವಿತ್ತು. ಬೋಧನಾ ಶುಲ್ಕವೇ ಇಲ್ಲದ ವಿಶ್ವವಿದ್ಯಾಲಯವಿತ್ತು. ಆದರೆ ಇನ್ನೊಂದು ಮುಖವೂ ಇದೆ. 1969ರಿಂದ 1975ರವರೆಗೆ ನಗರ ಸುಮಾರು ಐದು ಲಕ್ಷ ಉದ್ಯೋಗಗಳನ್ನು ಕಳೆದುಕೊಂಡಿತು. ಸಿದ್ಧ ಉಡುಪು, ಮುದ್ರಣ, ಬಂದರಿನ ಕೆಲಸಗಳು ಬೇರೆಡೆಗೆ ಹೋದವು. ಅನುಕೂಲಸ್ಥ ಕುಟುಂಬಗಳು ಉಪನಗರಗಳಿಗೆ ಹೋದವು, ಅವುಗಳ ಹಿಂದೆಯೇ ತೆರಿಗೆಯೂ ಹೋಯಿತು. ಬಡವರ ನೆರವಿನ ವೆಚ್ಚದಲ್ಲಿ ಸುಮಾರು ಕಾಲು ಭಾಗವನ್ನು ನಗರವೇ ಹೊರಬೇಕಿತ್ತು. ಅದರ ಮೇಲೆ 1973ರ ತೈಲ ಬಿಕ್ಕಟ್ಟು, ಬೆಲೆ ಏರಿಕೆ, ಆರ್ಥಿಕ ಹಿಂಜರಿತ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆಯನ್ನು ಮನೆಯ ಯಜಮಾನನಿಗೆ ಹೇಳಬಹುದು. ಎಂಬತ್ತು ಲಕ್ಷದ ಆಸುಪಾಸಿನ ಜನರಿರುವ ಊರಿಗೆ ಹೇಳುವುದು ಅಷ್ಟು ಸುಲಭವಲ್ಲ. ಹಾಸಿಗೆ ಚಿಕ್ಕದಾಗುತ್ತಾ ಹೋದಂತೆ ಊರಿನ ಕಾಲುಗಳೇನೂ ಚಿಕ್ಕವಾಗುವುದಿಲ್ಲ.

1974ರಲ್ಲಿ ಮೇಯರ್ ಆದ ಏಬ್ರಹಾಂ ಬೀಮ್ ಅವರು ಒಂದು ಕಾಲದಲ್ಲಿ ಶಾಲೆಯಲ್ಲಿ ಲೆಕ್ಕಪತ್ರ ಶಾಸ್ತ್ರ ಕಲಿಸಿದವರು, ಮೇಯರ್ ಆಗುವ ಮುನ್ನ ನಗರದ ಲೆಕ್ಕಪತ್ರಗಳ ಮುಖ್ಯಸ್ಥರಾಗಿದ್ದವರು. ಲೆಕ್ಕ ಬಲ್ಲವರು ಎಂಬ ಹೆಸರಿನಿಂದಲೇ ಗೆದ್ದವರು. ಅವರ ಕೈಯಲ್ಲೇ ಲೆಕ್ಕ ತಪ್ಪಿತು ಎಂಬುದು ವಿಪರ್ಯಾಸ.

1975ರ ವೇಳೆಗೆ ನಗರದ ಒಟ್ಟು ಸಾಲ ಸುಮಾರು 1,400 ಕೋಟಿ ಡಾಲರ್. ಅದರಲ್ಲಿ ಹತ್ತಿರ ಹತ್ತಿರ 600 ಕೋಟಿ ಅಲ್ಪಾವಧಿ ಸಾಲ. ವಾರ್ಷಿಕ ಆಯವ್ಯಯವೇ ಸುಮಾರು 1,200 ಕೋಟಿ ಡಾಲರ್ ಆಗಿದ್ದಾಗ ಇದೆಂಥ ಹೊರೆ ಎಂದು ಊಹಿಸಬಹುದು. ಆ ವರ್ಷದ ಫೆಬ್ರುವರಿಯಲ್ಲಿ ರಾಜ್ಯದ ನಗರಾಭಿವೃದ್ಧಿ ನಿಗಮವೊಂದು ಸಾಲ ತೀರಿಸಲಾಗದೆ ಕೈಚೆಲ್ಲಿತು. ಅದು ನಗರದ ಸಂಸ್ಥೆಯಲ್ಲ. ಆದರೆ ಸಾಲ ಕೊಡುವವರಿಗೆ ಭಯ ಹುಟ್ಟಲು ಅಷ್ಟು ಸಾಕಾಯಿತು. ಬೇಸಿಗೆ ಬರುವ ಮುನ್ನವೇ ಬ್ಯಾಂಕುಗಳು ನಗರದ ಸಾಲಪತ್ರಗಳನ್ನು ಮಾರಲು ಒಪ್ಪದಾದವು. ಇದೇ ಬ್ಯಾಂಕುಗಳು ಅಲ್ಲಿಯವರೆಗೆ ಅವನ್ನು ಸಂತೋಷದಿಂದ ಮಾರಿ ಕಮಿಷನ್ ಎಣಿಸಿದ್ದವು ಎಂಬುದನ್ನೂ ಹೇಳದಿದ್ದರೆ ನ್ಯಾಯವಾಗದು.

ಆಗ ರಾಜ್ಯದ ಗವರ್ನರ್ ಹ್ಯೂ ಕ್ಯಾರಿ ಮುಂದೆ ಬಂದರು. (ಅಲ್ಲಿ ಗವರ್ನರ್ ಎಂದರೆ ಜನ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಹಾಗೆ.) ಜೂನ್‌ನಲ್ಲಿ ಪೌರ ನೆರವು ನಿಗಮ ಎನ್ನಬಹುದಾದ ಸಂಸ್ಥೆಯೊಂದು ಸ್ಥಾಪನೆಯಾಯಿತು. ನಗರದ ಮಾರಾಟ ತೆರಿಗೆ ಮತ್ತು ಷೇರು ವರ್ಗಾವಣೆ ತೆರಿಗೆಗಳನ್ನು ನಗರದ ಕೈಯಿಂದ ತೆಗೆದು ಈ ನಿಗಮದ ಬಾಂಡುಗಳಿಗೆ ಆಧಾರವಾಗಿ ಕೊಡಲಾಯಿತು. ಇದರ ಹಿಂದಿದ್ದ ಮುಖ್ಯ ಬುದ್ಧಿ ಫೆಲಿಕ್ಸ್ ರೋಹಟಿನ್ ಎಂಬ ಹೂಡಿಕೆ ಬ್ಯಾಂಕರರದು. ಅದೂ ಸಾಲದೆ ಸೆಪ್ಟೆಂಬರ್‌ನಲ್ಲಿ ತುರ್ತು ಹಣಕಾಸು ನಿಯಂತ್ರಣ ಮಂಡಳಿ ಬಂತು. ಗವರ್ನರ್, ಮೇಯರ್, ರಾಜ್ಯದ ಮತ್ತು ನಗರದ ಲೆಕ್ಕಪತ್ರ ಮುಖ್ಯಸ್ಥರ ಜೊತೆಗೆ ಮೂವರು ಖಾಸಗಿ ಸದಸ್ಯರು. ಜನ ಆರಿಸಿದ ಮೇಯರರು ಮಾಡುವ ಖರ್ಚಿಗೆ ಇನ್ನು ಮುಂದೆ ಈ ಮಂಡಳಿಯ ಒಪ್ಪಿಗೆ ಬೇಕು. ಊರು ಯಾರದು ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಸಾಲ ಕೊಟ್ಟವನಿಗೆ ಮತ ಹಾಕಿದವನಿಗಿಂತ ಹೆಚ್ಚಿನ ಮಾತಿರಬೇಕೇ? ಆ ವರ್ಷ ನ್ಯೂಯಾರ್ಕಿನಲ್ಲಿ ಸಿಕ್ಕ ಉತ್ತರ ‘ಹೌದು’ ಎಂಬಂತೆಯೇ ಇತ್ತು.

ಕಡಿತ ಯಾರ ಮೇಲೆ ಬಿತ್ತು? ಜುಲೈ 1ರಂದು ಸುಮಾರು ಐದು ಸಾವಿರ ಪೊಲೀಸರಿಗೆ ಕೆಲಸದಿಂದ ಬಿಡುಗಡೆಯ ಚೀಟಿ ಬಂತು. ಅವರಲ್ಲಿ ಹಲವರು ಬ್ರೂಕ್ಲಿನ್ ಸೇತುವೆಯ ಮೇಲೆ ಸಂಚಾರ ತಡೆದು ಪ್ರತಿಭಟಿಸಿದರು. ಕಸ ಎತ್ತುವವರು ಮುಷ್ಕರ ಹೂಡಿ ಬೀದಿಗಳಲ್ಲಿ ಕಸದ ರಾಶಿ ಬಿದ್ದಿತು. ಪೊಲೀಸ್ ಮತ್ತು ಅಗ್ನಿಶಾಮಕ ಸಂಘಗಳು ತಲೆಬುರುಡೆಯ ಚಿತ್ರವಿದ್ದ ಕರಪತ್ರ ಅಚ್ಚು ಹಾಕಿಸಿ, ಸಂಜೆ ಆರರ ಮೇಲೆ ಬೀದಿಗೆ ಬರಬೇಡಿ, ಸುರಂಗ ರೈಲು ಹತ್ತಬೇಡಿ ಎಂದು ಪ್ರವಾಸಿಗರಿಗೆ ಬುದ್ಧಿ ಹೇಳಿದವು. ಆ ರೈಲಿನ ದರ 35 ಸೆಂಟಿನಿಂದ 50 ಸೆಂಟಿಗೆ ಏರಿತು. 1847ರಲ್ಲಿ ಉಚಿತ ಅಕಾಡೆಮಿಯಾಗಿ ಆರಂಭವಾಗಿದ್ದ ನಗರದ ವಿಶ್ವವಿದ್ಯಾಲಯ 1976ರಲ್ಲಿ ಮೊದಲ ಬಾರಿಗೆ ಎಲ್ಲರಿಂದ ಬೋಧನಾ ಶುಲ್ಕ ವಸೂಲಿ ಮಾಡಿತು. ಅದಕ್ಕೆ ಕೇವಲ ಆರು ವರ್ಷ ಮೊದಲಷ್ಟೇ ಅದರ ಬಾಗಿಲು ನಗರದ ಎಲ್ಲ ಪ್ರೌಢಶಾಲಾ ಪದವೀಧರರಿಗೂ ತೆರೆದಿತ್ತು, ಕಪ್ಪು ಜನಾಂಗದ ಮತ್ತು ಪೋರ್ಟೊ ರಿಕೊ ಮೂಲದ ಯುವಕ ಯುವತಿಯರು ದೊಡ್ಡ ಸಂಖ್ಯೆಯಲ್ಲಿ ಒಳಗೆ ಬರತೊಡಗಿದ್ದರು. ಅವರ ಸರದಿ ಬಂದಾಗ ‘ಉಚಿತ’ ಎಂಬ ಪದ ಹೋಯಿತು. ಅದೇ 1976ರಲ್ಲಿ, ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ಪಕ್ಕದ ಹಳೆಯ ಹೋಟೆಲೊಂದನ್ನು ನವೀಕರಿಸಲು ಮುಂದೆ ಬಂದ ತರುಣ ಉದ್ಯಮಿಯೊಬ್ಬರಿಗೆ 40 ವರ್ಷಗಳ ತೆರಿಗೆ ರಿಯಾಯಿತಿ ದೊರೆಯಿತು. ಆ ತರುಣನ ಹೆಸರು ಡೊನಾಲ್ಡ್ ಟ್ರಂಪ್.

ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್ ಬಡಾವಣೆಯ ಉತ್ತರ ಭಾಗದ ಕಥೆಯನ್ನು ಇಲ್ಲಿ ಹೇಳಲೇಬೇಕು. ಹೆಚ್ಚಾಗಿ ಪೋಲೆಂಡ್ ಮೂಲದ ಕಾರ್ಮಿಕರಿದ್ದ ಆ ಕೇರಿಯ ಅಗ್ನಿಶಾಮಕ ಠಾಣೆಯನ್ನು 1975ರ ನವೆಂಬರ್‌ನಲ್ಲಿ ಮುಚ್ಚಲು ಆದೇಶವಾಯಿತು. ಹಳೆಯ ಮರದ ಮನೆಗಳ ಸಾಲು, ಪಕ್ಕದಲ್ಲೇ ಕಾರ್ಖಾನೆಗಳು. ಬೆಂಕಿ ಬಿದ್ದರೆ ಗತಿಯೇನು? ಜನ ಠಾಣೆಗೆ ನುಗ್ಗಿ ಬೆಂಕಿ ಆರಿಸುವ ವಾಹನ ಹೊರಹೋಗದಂತೆ ತಡೆದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಸರದಿಯ ಮೇಲೆ ಅಲ್ಲೇ ಮಲಗಿದರು. ಕೊನೆಗೆ ನಗರ ಮಣಿದು ಠಾಣೆಯನ್ನು ಮತ್ತೆ ತೆರೆಯಿತು. 2003ರಲ್ಲಿ, ಇನ್ನೊಂದು ಹಣಕಾಸು ಮುಗ್ಗಟ್ಟಿನ ಹೊತ್ತಿಗೆ, ಅದನ್ನು ಮುಚ್ಚಿಯೇಬಿಟ್ಟರು.

ಈಗ 1975ರ ಅಕ್ಟೋಬರ್ 17ಕ್ಕೆ ಬರೋಣ. ಆ ಶುಕ್ರವಾರ ನಗರ ತೀರಿಸಬೇಕಾಗಿದ್ದ ಸಾಲಪತ್ರಗಳ ಮೊತ್ತ ಸುಮಾರು 45 ಕೋಟಿ ಡಾಲರ್. ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಶಿಕ್ಷಕರ ಪಿಂಚಣಿ ನಿಧಿ 15 ಕೋಟಿ ಡಾಲರ್‌ನಷ್ಟು ನಿಗಮದ ಬಾಂಡು ಕೊಂಡರೆ ಬಚಾವು, ಇಲ್ಲವಾದರೆ ದಿವಾಳಿ. ಶಿಕ್ಷಕರ ಸಂಘದ ನಾಯಕ ಆಲ್ಬರ್ಟ್ ಶಾಂಕರ್ ಒಪ್ಪಲಿಲ್ಲ. ಅವರ ಹಿಂಜರಿಕೆ ಸಹಜವೇ ಆಗಿತ್ತು. ಸಾವಿರಾರು ಶಿಕ್ಷಕರನ್ನು ಕೆಲಸದಿಂದ ತೆಗೆದ ನಗರ, ಉಳಿದವರ ಮುಪ್ಪಿನ ಗಂಟನ್ನೂ ಕೇಳುತ್ತಿತ್ತು. ದಿವಾಳಿಯನ್ನು ಪ್ರಕಟಿಸುವ ಮೇಯರರ ಹೇಳಿಕೆ ಸಿದ್ಧವಾಗಿತ್ತು. ರಾತ್ರಿಯಿಡೀ ಮಾತುಕತೆ ನಡೆದು, ಮಧ್ಯಾಹ್ನ ಬ್ಯಾಂಕು ಮುಚ್ಚುವ ಸ್ವಲ್ಪ ಮೊದಲು ಶಾಂಕರ್ ಒಪ್ಪಿದರು. ಸಾಲ ಕೊಡಲು ಬ್ಯಾಂಕುಗಳೇ ಹೆದರಿದ್ದ ಊರನ್ನು ಆ ದಿನ ಉಳಿಸಿದ್ದು ಮೇಷ್ಟ್ರುಗಳ ಪಿಂಚಣಿ ಹಣ.

ಇದಾದ ಹನ್ನೆರಡು ದಿನಕ್ಕೆ ಅಧ್ಯಕ್ಷ ಜೆರಾಲ್ಡ್ ಫೋರ್ಡ್, ನಗರವನ್ನು ದಿವಾಳಿಯಿಂದ ಪಾರುಮಾಡುವ ಯಾವ ಮಸೂದೆ ಬಂದರೂ ತಡೆಹಿಡಿಯುತ್ತೇನೆ ಎಂದು ಭಾಷಣ ಮಾಡಿದರು. ಮರುದಿನ ‘ಡೈಲಿ ನ್ಯೂಸ್’ ಪತ್ರಿಕೆ ಮುಖಪುಟದಲ್ಲಿ, ಫೋರ್ಡ್ ನಗರಕ್ಕೆ ‘ಸತ್ತುಹೋಗು’ ಅಂದರು ಎಂಬರ್ಥದ ಶೀರ್ಷಿಕೆ ಕೊಟ್ಟಿತು. ಫೋರ್ಡ್ ಹಾಗೆ ಅಂದಿರಲಿಲ್ಲ. ಆದರೆ ಭಾಷಣ ಮರೆತುಹೋಗಿ ತಲೆಬರಹವೇ ಉಳಿಯಿತು. (ನಮ್ಮ ವೃತ್ತಿಯ ಶಕ್ತಿಯೂ ಅದೇ, ಪಾಪವೂ ಅದೇ.) ತಿಂಗಳೊಳಗೆ ಫೋರ್ಡ್ ಮನಸ್ಸು ಬದಲಾಯಿಸಿದರು. ಡಿಸೆಂಬರ್‌ನಲ್ಲಿ ವರ್ಷಕ್ಕೆ 230 ಕೋಟಿ ಡಾಲರ್‌ವರೆಗೆ ಕೇಂದ್ರದಿಂದ ಸಾಲ ಕೊಡುವ ಕಾನೂನು ಬಂತು. ಅದು ದಾನವಲ್ಲ. ಕೇಂದ್ರ ತಾನು ತೆರುವ ಬಡ್ಡಿಗಿಂತ ಶೇ 1ರಷ್ಟು ಹೆಚ್ಚು ವಸೂಲು ಮಾಡಿತು. ನಗರ ಅದನ್ನು ತೀರಿಸಿತು.

ಇನ್ನೊಂದು ತಿರುವೂ ಇದೆ. ಅಲ್ಪಾವಧಿ ಸಾಲಗಳ ಮರುಪಾವತಿಯನ್ನು ಮೂರು ವರ್ಷ ಮುಂದೂಡಲು ರಾಜ್ಯ ಕಾನೂನು ಮಾಡಿತ್ತು. 1976ರ ನವೆಂಬರ್‌ನಲ್ಲಿ ರಾಜ್ಯದ ಅತ್ಯುಚ್ಚ ನ್ಯಾಯಾಲಯ ಅದನ್ನು ರದ್ದು ಮಾಡಿತು. ನಗರ ತನ್ನ ನಂಬಿಕೆಯನ್ನೇ ಒತ್ತೆಯಿಟ್ಟು ಸಾಲ ಪಡೆದಿದೆ, ಕಷ್ಟ ಬಂತೆಂದು ಆ ಒತ್ತೆ ಮಾತನ್ನು ಮುರಿಯುವಂತಿಲ್ಲ ಎಂಬುದು ತೀರ್ಪಿನ ಸಾರ.

ಇಂಥದ್ದು ನಮ್ಮಲ್ಲಿ ಆಗಬಹುದೇ ಎಂದು ನೀವು ಕೇಳಬಹುದು. ಭಾರತದಲ್ಲಿ ಪಾಲಿಕೆಯೊಂದು ಮೊದಲ ಬಾರಿಗೆ ಬಾಂಡು ಹೊರಡಿಸಿ ಸಾಲ ಎತ್ತಿದ್ದು ನಮ್ಮ ಬೆಂಗಳೂರಿನಲ್ಲೇ, 1997ರಲ್ಲಿ. ಮೊತ್ತ 125 ಕೋಟಿ ರೂಪಾಯಿ. ಅದಕ್ಕೆ ರಾಜ್ಯ ಸರ್ಕಾರದ ಖಾತರಿಯಿತ್ತು. ಮರುವರ್ಷ ಅಹಮದಾಬಾದ್ ಪಾಲಿಕೆ ಅಂಥ ಖಾತರಿಯಿಲ್ಲದೆಯೇ 100 ಕೋಟಿ ಎತ್ತಿತು. ಒಟ್ಟಿನಲ್ಲಿ ನಮ್ಮ ಪಾಲಿಕೆಗಳು ರಾಜ್ಯದ ಅನುಮತಿಯಿಲ್ಲದೆ ಮನಬಂದಂತೆ ಸಾಲ ಮಾಡುವಂತಿಲ್ಲ. ಕಷ್ಟ ಬಂದರೆ ಬೆನ್ನ ಹಿಂದೆ ರಾಜ್ಯ ಇದ್ದೇ ಇರುತ್ತದೆ ಎಂಬುದು ಎಲ್ಲರ ನಂಬಿಕೆ. ಆದ್ದರಿಂದ ನ್ಯೂಯಾರ್ಕಿನಂಥ ನಾಟಕೀಯ ಶುಕ್ರವಾರ ನಮ್ಮಲ್ಲಿ ಬರುವ ಸಂಭವ ಕಡಿಮೆ. ನಮ್ಮಲ್ಲಿ ಮುಗ್ಗಟ್ಟು ಬೇರೆ ವೇಷದಲ್ಲಿ ಬರುತ್ತದೆ. ಗುತ್ತಿಗೆದಾರರ ಬಿಲ್ಲು ವರ್ಷಗಟ್ಟಲೆ ಬಾಕಿ ಉಳಿಯುತ್ತದೆ. ಆಸ್ತಿ ಅಡವಿಗೆ ಹೋಗುತ್ತದೆ. 2010ರ ದಶಕದಲ್ಲಿ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಕೃಷ್ಣರಾಜ ಮಾರುಕಟ್ಟೆ, ಮೇಯೊ ಹಾಲ್‌ನಂಥ ಕಟ್ಟಡಗಳನ್ನೇ ಸಾಲಕ್ಕೆ ಆಧಾರವಾಗಿ ಕೊಟ್ಟಿತ್ತು.

ಆದರೆ ಪುಸ್ತಕದಲ್ಲಿ ಕಾಣದ ಸಾಲದ ವಿಷಯದಲ್ಲಿ ಅಲ್ಲಿಗೂ ಇಲ್ಲಿಗೂ ವ್ಯತ್ಯಾಸ ಕಡಿಮೆ. ಹಣ ಬಿಗಿಯಾದಾಗ ಆಡಳಿತಗಾರನ ಕತ್ತರಿ ಮೊದಲು ಎಲ್ಲಿಗೆ ಹೋಗುತ್ತದೆ? ಸಂಬಳ ನಿಲ್ಲಿಸಿದರೆ ನೌಕರರು ಬೀದಿಗಿಳಿಯುತ್ತಾರೆ. ಬಡ್ಡಿ ನಿಲ್ಲಿಸಿದರೆ ಬ್ಯಾಂಕು ಕೋರ್ಟಿಗೆ ಹೋಗುತ್ತದೆ. ಸೇತುವೆಗೆ ಈ ವರ್ಷ ಬಣ್ಣ ಬಳಿಯದಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಸೇತುವೆಗೆ ಸಂಘವಿಲ್ಲ, ವಕೀಲನಿಲ್ಲ. ಹೊಸ ಮೇಲ್ಸೇತುವೆಗೆ ಶಂಕುಸ್ಥಾಪನೆ, ಹಾರ, ಫಲಕ ಎಲ್ಲ ಇರುತ್ತದೆ. ಹಳೆಯ ರಾಜಕಾಲುವೆಯ ಹೂಳೆತ್ತಿದ್ದಕ್ಕೆ ಫಲಕ ಹಾಕಿಸಿಕೊಂಡ ಜನಪ್ರತಿನಿಧಿಯನ್ನು ನಾನಂತೂ ಕಂಡಿಲ್ಲ.

ನ್ಯೂಯಾರ್ಕ್ ಹಣದ ಲೆಕ್ಕವನ್ನು ಬೇಗ ಸರಿಪಡಿಸಿಕೊಂಡಿತು, ಇದನ್ನು ಮೆಚ್ಚಲೇಬೇಕು. ಜಾಣ ಲೆಕ್ಕಗಳಿಗೆ ತಡೆ ಬಿತ್ತು. ನಾಲ್ಕು ವರ್ಷಗಳ ಹಣಕಾಸು ಯೋಜನೆಯನ್ನು ಮುಂಚಿತವಾಗಿ ತೋರಿಸುವ ಪದ್ಧತಿ ಬಂತು, ಅದು ಇಂದಿಗೂ ಇದೆ. 1981ರ ವೇಳೆಗೆ ಆಯವ್ಯಯ ಸರಿದೂಗಿತು. 1986ರಲ್ಲಿ ನಿಯಂತ್ರಣ ಮಂಡಳಿಯ ಕಡಿವಾಣ ಸಡಿಲಾಯಿತು. 1975ರ ನಿಗಮದ ಬಾಂಡುಗಳ ಕೊನೆಯ ಕಂತು 2008ರಲ್ಲಿ ತೀರಿತು.

ಇನ್ನೊಂದು ಸಾಲದ ಕಂತುಗಳು ಇದೇ ವರ್ಷಗಳಲ್ಲಿ ಬರತೊಡಗಿದವು. ಆಯವ್ಯಯ ಸರಿದೂಗಿದ ಅದೇ 1981ರಲ್ಲಿ ಬ್ರೂಕ್ಲಿನ್ ಸೇತುವೆಯ ಎರಡು ತಂತಿಹಗ್ಗಗಳು ತುಂಡಾಗಿ, ನಡೆದು ಹೋಗುತ್ತಿದ್ದ ಒಬ್ಬರು ಸತ್ತರು. 1988ರ ಏಪ್ರಿಲ್‌ನಲ್ಲಿ, 1903ರಲ್ಲಿ ತೆರೆದಿದ್ದ ವಿಲಿಯಮ್ಸ್‌ಬರ್ಗ್ ಸೇತುವೆಯ ಉಕ್ಕು ತುಕ್ಕು ಹಿಡಿದು ತಿಂದುಹೋಗಿರುವುದು ಕಂಡುಬಂದು, ರೈಲು ಮತ್ತು ವಾಹನ ಸಂಚಾರ ಎರಡನ್ನೂ ವಾರಗಟ್ಟಲೆ ನಿಲ್ಲಿಸಬೇಕಾಯಿತು. ಸುರಂಗ ರೈಲಿನ ಹಳಿ, ಸಿಗ್ನಲ್, ಬೋಗಿಗಳು ಎಂಥ ಸ್ಥಿತಿಗೆ ಬಂದಿದ್ದವೆಂದರೆ, 1982ರಿಂದ ಅವುಗಳ ಪುನರುದ್ಧಾರಕ್ಕಾಗಿಯೇ ಐದೈದು ವರ್ಷಗಳ ಬೃಹತ್ ಯೋಜನೆಗಳನ್ನು ಹಾಕಿಕೊಳ್ಳಬೇಕಾಯಿತು. ಹಣ ಎಲ್ಲಿಂದ? ದೊಡ್ಡ ಪಾಲು ಮತ್ತೆ ಬಾಂಡು ಹೊರಡಿಸಿಯೇ. ಆ ಕುಸಿದ ಹೆದ್ದಾರಿಯಂತೂ ಮತ್ತೆ ವಾಹನಗಳಿಗೆ ತೆರೆಯಲೇ ಇಲ್ಲ. ಕೆಲಕಾಲ ಜನ ಅದರ ಮೇಲೆ ಓಡಾಡಿ, ಸೈಕಲ್ ಹೊಡೆದರು. ಕೆಡವಿ ಮುಗಿಸುವ ಹೊತ್ತಿಗೆ 1980ರ ದಶಕ ಮುಗಿಯುತ್ತಾ ಬಂದಿತ್ತು.

ಎರಡನೇ ಅವೆನ್ಯೂ ಎಂಬ ಬೀದಿಯ ಕೆಳಗಿನ ಸುರಂಗ ರೈಲು ಮಾರ್ಗಕ್ಕೆ 1972ರಲ್ಲಿ ಗುದ್ದಲಿ ಪೂಜೆ ನಡೆದಿತ್ತು. 1975ರಲ್ಲಿ ಹಣವಿಲ್ಲದೆ ಕೆಲಸ ನಿಂತಿತು. ಅಗೆದಿದ್ದ ತುಂಡು ಸುರಂಗಗಳನ್ನು ಮುಚ್ಚಿ ಮೇಲೆ ರಸ್ತೆ ಹಾಸಿದರು. ಅದೇ ಮಾರ್ಗದ ಮೊದಲ ಹಂತ ಜನರಿಗೆ ತೆರೆದದ್ದು 2017ರ ಜನವರಿ 1ರಂದು. ಮೂರು ಹೊಸ ನಿಲ್ದಾಣಗಳು, ಸುಮಾರು ಮೂರು ಕಿಲೊಮೀಟರ್ ದಾರಿ, ಖರ್ಚು ಸುಮಾರು 450 ಕೋಟಿ ಡಾಲರ್. ಹಳೆಯ ಸುರಂಗದ ಒಂದು ತುಂಡು ಅದರಲ್ಲಿ ಬಳಕೆಯಾಯಿತು. ಇನ್ನೊಂದು ತುಂಡು ಪೂರ್ವ ಹಾರ್ಲೆಮ್‌ನ ನೆಲದಡಿ, 110ನೇ ಬೀದಿಯಿಂದ 120ನೇ ಬೀದಿಯವರೆಗೆ ಇದೆ. ಎರಡನೇ ಹಂತದಲ್ಲಿ ಅದರೊಳಗೆ ರೈಲು ಓಡಿಸುವುದು ಈಗಿನ ಯೋಜನೆ.